ಹೊರಮುಖವಾಗಿ ಕೂತವರು

ಮಾರ್ಚ್ ೩, ಸೋಮವಾರ

ಪೆನ್ನು ಹಿಡಿದು ನಾಲ್ಕು ಸಾಲು ಬರೆದು ಎಷ್ಟು ವರ್ಷವಾಯಿತೋ. ಕೈ ಪಳಗಲಿ ಎಂದು ಈ ಪುಸ್ತಕ. ಮೂರನೇ ವಾರ್ಡಿನವರು ಬಿಸಾಡಿದ ರಿಜಿಸ್ಟರು ಇದು. ಮೊದಲ ಹನ್ನೆರಡು ಹಾಳೆ ಹರಿದು ತೆಗೆದೆ, ಉಳಿದದ್ದೆಲ್ಲ ಖಾಲಿ.

ಇವತ್ತು ಆಸ್ಪತ್ರೆಯ ಬಟ್ಟೆ ವಿಭಾಗದ ಬಾಗಿಲಿಗೆ ನೋಟಿಸು ಅಂಟಿಸಿದರು. ನಮ್ಮ ಮೇಲ್ವಿಚಾರಕಿ ದೊಡ್ಡಮೇಡಂ ಮೇ ಕೊನೆಗೆ ನಿವೃತ್ತಿಯಾಗುತ್ತಾರೆ. ಅವರ ಜಾಗಕ್ಕೆ ನಮ್ಮಲ್ಲೇ ಒಬ್ಬರನ್ನು ಪರೀಕ್ಷೆ ಇಟ್ಟು ಆರಿಸುತ್ತಾರಂತೆ. ಏಪ್ರಿಲ್ ಇಪ್ಪತ್ತಕ್ಕೆ ಪರೀಕ್ಷೆ. ಶುಚಿತ್ವದ ನಿಯಮಗಳಿಗೆ ಇಪ್ಪತ್ತು ಅಂಕ, ಗಣಿತಕ್ಕೆ ಇಪ್ಪತ್ತು, ‘ತಾರ್ಕಿಕ ಸಾಮರ್ಥ್ಯ’ ಎಂಬುದಕ್ಕೆ ಇಪ್ಪತ್ತು. ಐವತ್ತು ತುಂಬಿದವರು ಬರೆಯುವ ಹಾಗಿಲ್ಲ.

ಇಸ್ತ್ರಿಯಕ್ಕನಿಗೆ ಆಗಸ್ಟಿನಲ್ಲಿ ಐವತ್ತು ತುಂಬುತ್ತದೆ. ನೋಟಿಸಿನ ಮುಂದೆ ನಿಂತು ಬೆರಳಲ್ಲಿ ತಿಂಗಳು ಎಣಿಸಿದಳು. “ಕೂದಲೆಳೆಯಲ್ಲಿ ಪಾರಾದೆ ಕಣೇ” ಎಂದು ನನ್ನ ಬೆನ್ನಿಗೆ ಗುದ್ದಿದಳು. ಇಪ್ಪತ್ತೆರಡು ವರ್ಷ ಹಬೆಯ ಇಸ್ತ್ರಿಯಂತ್ರದ ಹಿಡಿ ಎಳೆದೂ ಎಳೆದೂ ಅವಳ ಬಲ ಮಣಿಕಟ್ಟು ಊದಿಕೊಂಡೇ ಇರುತ್ತದೆ. ನನ್ನದು ಹನ್ನೊಂದು ವರ್ಷ, ಮಡಚುವ ಮೇಜಿನ ಮುಂದೆ. ಅವಳಿಗೆ ಮಣಿಕಟ್ಟು, ನನಗೆ ಮಂಡಿ. ಮೇಲ್ವಿಚಾರಕಿಗಾದರೆ ಒಂದು ಕುರ್ಚಿ ಇದೆ.

“ಇಬ್ರೂ ಬರೆಯೋಣ. ಯಾರಿಗಾದ್ರೂ ಒಬ್ರಿಗೆ ಆಗ್ಲಿ, ಮನೇಲೇ ಉಳೀತದಲ್ಲ” ಎಂದಳು.

ಮಾರ್ಚ್ ೫, ಬುಧವಾರ

ಇಬ್ಬರೂ ಸೇರಿ ಒಂದು ಮಾರ್ಗದರ್ಶಿ ಕೊಂಡೆವು. ಶುಚಿತ್ವ ನಮಗೆ ಬಾಯಿಪಾಠ. ಗಣಿತ ಹೇಗೋ ಆದೀತು. ತಾರ್ಕಿಕ ಸಾಮರ್ಥ್ಯದ ಪುಟ ತೆರೆದರೆ ತಲೆ ಗಿರ್ರೆನ್ನುತ್ತದೆ.

ಕ, ಖ, ಗ, ಘ, ಙ ಎಂಬ ಐವರು ಒಂದು ಬೆಂಚಿನ ಮೇಲೆ ಕೂತಿದ್ದಾರಂತೆ. ಕ ಎಡತುದಿಯಲ್ಲಿದ್ದಾನೆ. ಗ ನಟ್ಟನಡುವೆ. ಖನಿಗೆ ಕನ ಪಕ್ಕವೇ ಬೇಕು. ಙನಿಗೆ ಗನ ಪಕ್ಕ ಬೇಡ. ಬಲತುದಿಯಲ್ಲಿ ಯಾರು?

ನಾನು ಅರ್ಧ ಗಂಟೆ ಗೀಚಿದೆ. ಒಬ್ಬರ ಮುಖ ಒಬ್ಬರಿಗಾಗದವರು ಬೇರೆ ಬೆಂಚು ನೋಡಿಕೊಳ್ಳಬಾರದೆ? ಅಕ್ಕ ಊಟದ ಡಬ್ಬಿಯ ಮುಚ್ಚಳ ತೆಗೆಯುತ್ತ, ತಲೆಯನ್ನೂ ಎತ್ತದೆ, “ಅದೇ, ಆ ಕೊನೇ ಅಕ್ಷರದವನು” ಎಂದಳು. “ಹೆಸರು ಹೇಳೋಕೆ ನಾಲಿಗೆ ಹೊರಳಲ್ಲ ಅಂದ್ರೆ ಇನ್ನೆಲ್ಲಿ ಕೂರಿಸ್ತಾರೆ, ತುದೀಲೇ!”

ಉತ್ತರ ನೋಡಿದರೆ ಙನೇ.

ಮಾರ್ಚ್ ೧೧, ಮಂಗಳವಾರ

ಅಕ್ಕನಿಗೆ ಇದು ಹೇಗೆ ಬರುತ್ತದೆ ಎಂದು ಕೇಳಿದೆ. “ದಿನಾ ಇದನ್ನೇ ಮಾಡ್ತೀವಲ್ಲೇ. ಆಪರೇಷನ್ ಕೋಣೆಯ ಹಸಿರು ಗಂಟಿನ ಮೇಲೆ ವಾರ್ಡಿನ ಬಿಳಿ ಗಂಟು ಬರಬಾರದು, ಮಕ್ಕಳ ವಾರ್ಡಿಂದು ಮೊದಲು ಹೋಗ್ಬೇಕು, ನೀಲಿದು ಎಲ್ಲಿದ್ರೂ ನಡೆಯುತ್ತೆ. ಇವ್ರು ಅದಕ್ಕೇ ಕ, ಖ ಅಂತ ಹೆಸರಿಟ್ಟು ಹೆದರಿಸ್ತಾರೆ, ಅಷ್ಟೇ.”

ಆಮೇಲೆ ಕಲಿಸಿಕೊಟ್ಟಳು. ಜಾಗ ಬಿಟ್ಟು ಅಲ್ಲಾಡದವನನ್ನು ಮೊದಲು ಕೂರಿಸಬೇಕು. ಅವನನ್ನು ಹಿಡಿದುಕೊಂಡು ಅವನ ಪಕ್ಕದವರನ್ನು. ‘ಬೇಡ’ ಎನ್ನುವವರನ್ನು ಕೊನೆಗೆ, ಏಕೆಂದರೆ ಅಷ್ಟರಲ್ಲಿ ಅವರಿಗೆ ಉಳಿಯುವುದು ಒಂದೇ ಜಾಗ.

ದುಂಡುಮೇಜಿನ ಲೆಕ್ಕಗಳಿಗೆ ಅವಳೇ ಒಂದು ಉಪಾಯ ಮಾಡಿದಳು. ದೊಡ್ಡ ಬಟ್ಟೆಬುಟ್ಟಿಯ ದುಂಡು ಮುಚ್ಚಳದ ಸುತ್ತ ಎಂಟು ದಿಂಬಿನ ಚೀಲ ಗಂಟುಹಾಕಿ ಇಟ್ಟಳು. ಗಂಟೇ ಮುಖ. ದೊಡ್ಡಮೇಡಂ ಬಂದು ನೋಡಿ, “ಇದೇನು, ಮದುವೆ ಮಾತುಕತೆನಾ?” ಎಂದರು. “ಹೌದು ಮೇಡಂ, ಹುಡುಗಿ ಯಾರ ಎಡಗಡೆ ಕೂತಿದ್ದಾಳೆ ಅಂತ ಹುಡುಕ್ತಾ ಇದ್ದೀವಿ” ಎಂದಳು ಅಕ್ಕ. ನಕ್ಕೂ ನಕ್ಕೂ ಸುಸ್ತಾಯಿತು.

ಇಂಥ ಊಟದ ಹೊತ್ತು ಕಳೆದು ಎಷ್ಟು ದಿನವಾಗಿತ್ತು.

ಮಾರ್ಚ್ ೨೪, ಸೋಮವಾರ

ದೊಡ್ಡಮೇಡಂ ಒಂದು ಅಭ್ಯಾಸ ಪರೀಕ್ಷೆ ಕೊಟ್ಟರು, ತಾರ್ಕಿಕ ಸಾಮರ್ಥ್ಯದ್ದಷ್ಟೇ. ಪರೀಕ್ಷೆಗೆ ಹೆಸರು ಕೊಟ್ಟಿರುವ ಆರೂ ಜನ ಬರೆದೆವು. ಅಕ್ಕನಿಗೆ ಹದಿನೇಳು. ನನಗೆ ಹದಿಮೂರು. ಉಳಿದ ನಾಲ್ವರೂ ಹತ್ತರ ಆಚೆ ಹೋಗಲಿಲ್ಲ.

ಎಲ್ಲರೂ ಅಕ್ಕನ ಕೈ ಕುಲುಕಿದರು. ಒಗೆಯುವವನು ಆಗಲೇ “ಮೇಡಂ, ಒಂದು ದಿನ ರಜೆ ಬೇಕಿತ್ತು” ಎಂದು ಅವಳನ್ನು ಗೇಲಿ ಮಾಡಿದ. ನಾನೂ ನಕ್ಕೆ. ನನಗೆ ಸಂತೋಷವೇ ಆಯಿತು. ಆಗದೆ ಏನು.

ಏಪ್ರಿಲ್ ೨, ಬುಧವಾರ

ಮಂಡಿ ತೋರಿಸಿ ಬಂದೆ. ಹೀಗೇ ನಿಂತರೆ ಇನ್ನು ಮೂರು ವರ್ಷ, ನಾಲ್ಕು ವರ್ಷ, ಅಷ್ಟೇ ಎಂದರು ಡಾಕ್ಟರು. “ಕೂತು ಮಾಡೋ ಕೆಲಸ ಸಿಗಲ್ವಾ?” ಎಂದು ಕೇಳಿದರು. ಸಿಗಬಹುದು ಎಂದೆ.

ಮಧ್ಯಾಹ್ನ ದೊಡ್ಡಮೇಡಂ ಸ್ಟೋರಿಗೆ ಹೋಗಿದ್ದಾಗ ಅವರ ಕುರ್ಚಿಯಲ್ಲಿ ಕೂತು ನೋಡಿದೆ. ಒಂದೇ ನಿಮಿಷ. ಕಾಲಿನ ಕೆಳಗೆ ಒಂದು ಮಣೆ ಬೇರೆ ಇದೆ.

ಆಸ್ಪತ್ರೆಯ ಒಂದಲ್ಲ ಒಂದು ವಿಭಾಗಕ್ಕೆ ಮೂರು ವರ್ಷಕ್ಕೊಮ್ಮೆ ಇಂಥ ಪರೀಕ್ಷೆ ಇಡುತ್ತಾರಂತೆ. ಮುಂದಿನ ಸಲ ನನಗೆ ನಲವತ್ತನಾಲ್ಕು. ಅವಳಿಗೆ ಮುಂದಿನ ಸಲ ಎಂಬುದಿಲ್ಲ. ಗೊತ್ತು. ಗೊತ್ತಿದ್ದೇ ಬರೆಯುತ್ತಿದ್ದೇನೆ.

ಏಪ್ರಿಲ್ ೧೨, ಶನಿವಾರ

ದುಂಡುಮೇಜಿನ ಸುತ್ತ ಕೂತವರು ಒಳಮುಖವಾಗಿದ್ದರೆ ನನಗೀಗ ತೊಂದರೆಯಿಲ್ಲ. ಎಡವೆಂದರೆ ಗಡಿಯಾರದ ಮುಳ್ಳು ಹೋಗುವ ದಿಕ್ಕು. ಆದರೆ ಹೊಸ ಲೆಕ್ಕಗಳಲ್ಲಿ ಎಂಟೂ ಜನ ಮೇಜಿಗೆ ಬೆನ್ನು ಹಾಕಿ, ಹೊರಗೆ ಮುಖ ಮಾಡಿ ಕೂತಿರುತ್ತಾರೆ. ಪುಸ್ತಕದಲ್ಲಿ ಬಿಡಿಸಿ ತೋರಿಸಿದ್ದರೂ ನನ್ನ ತಲೆಗೆ ಹೋಗಿರಲಿಲ್ಲ. ಈ ವಾರ ಪುಸ್ತಕ ನನ್ನ ಹತ್ತಿರ ಇದೆ.

ಬೆಳಿಗ್ಗೆ ಇವರ ಕ್ಷೌರದಂಗಡಿಗೆ ತಿಂಡಿ ಕೊಡಲು ಹೋದಾಗ ಕೇಳಿದೆ. ಇವರು ಕುರ್ಚಿಯಲ್ಲಿ ಕೂರಿಸಿ, ಹಿಂದೆ ನಿಂತು ನನ್ನ ಎಡಭುಜ ಮುಟ್ಟಿದರು. “ಹಿಂದೆ ನಿಂತ್ರೆ ಗಿರಾಕಿಯ ಎಡ ನನ್ನ ಎಡ. ಮುಂದೆ ಬಂದು ಮೀಸೆ ಕತ್ತರಿಸುವಾಗ ಅವನ ಎಡ ನನ್ನ ಬಲ. ಮುಖ ತಿರುಗಿದ್ರೆ ಎಡ ಬಲವೂ ತಿರುಗುತ್ತೆ. ಇದು ಮರೆತ್ರೆ ಗಿರಾಕಿಗೆ ಕಿವಿ ಇರಲ್ಲ.”

ಅಷ್ಟೇ! ಹೊರಮುಖವಾದರೆ ಎಡ ಬಲ ಅದಲುಬದಲು. ಮನೆಗೆ ಬಂದು ಹತ್ತು ಲೆಕ್ಕ ಮಾಡಿದೆ. ಹತ್ತಕ್ಕೆ ಹತ್ತು.

ಏಪ್ರಿಲ್ ೧೪, ಸೋಮವಾರ

ಊಟದ ಹೊತ್ತಿನಲ್ಲಿ ಅಕ್ಕ ದಿಂಬಿನ ಚೀಲಗಳ ಗಂಟನ್ನೆಲ್ಲ ಹೊರಗೆ ತಿರುಗಿಸಿದಳು. “ಹೀಗೆ ಕೂತ್ರೂ ಎಡ ಮೊದಲಿನ ಕಡೆಗೇನಾ? ಇಲ್ಲಾ ತಿರುಗುತ್ತಾ? ನಿನ್ನ ಹತ್ರ ಪುಸ್ತಕ ಇದೆಯಲ್ಲ, ಏನು ಕೊಟ್ಟಿದಾರೆ?”

ಮೊದಲಿನ ಕಡೆಗೇ ಎಂದೆ.

“ಹಾಗಾದ್ರೆ ಒಳ್ಳೇದೇ ಆಯ್ತು, ಹೊಸದು ಏನೂ ಕಲಿಯೋ ಹಾಗಿಲ್ಲ” ಎಂದು ಚೀಲಗಳನ್ನು ಬಿಡಿಸಿ ಮಡಚಿಟ್ಟಳು.

ಯಂತ್ರದ ಸದ್ದಿತ್ತು. ಬಾಯಿಗೆ ಬಂತು, ಹೇಳಿದೆ. ನಾಳೆ ಸರಿಪಡಿಸಿದರಾಯಿತು.

ಏಪ್ರಿಲ್ ೧೫, ಮಂಗಳವಾರ

ಇವತ್ತು ಕೆಲಸ ಜಾಸ್ತಿ.

ಏಪ್ರಿಲ್ ೧೮, ಶುಕ್ರವಾರ

ಹೊರಮುಖದ ಲೆಕ್ಕ ಬಂದರೂ ಒಂದೋ ಎರಡೋ ಬಂದೀತು. ಕಳೆದ ಸಲದ ಪ್ರಶ್ನೆಪತ್ರಿಕೆಯಲ್ಲಿ ಇರಲೇ ಇಲ್ಲ. ಅವಳು ನನಗಿಂತ ನಾಲ್ಕು ಅಂಕ ಮುಂದೆ ಇದ್ದಾಳೆ. ಒಂದು ಪ್ರಶ್ನೆಯಿಂದ ಅವಳಿಗೆ ಏನೂ ಆಗುವುದಿಲ್ಲ.

ಪುಸ್ತಕ ಕೇಳಿದಳು. ಮನೆಯಲ್ಲಿ ಮರೆತೆ ಎಂದೆ. ಚೀಲದಲ್ಲೇ ಇತ್ತು.

ಸಂಜೆ ಇವರು ತಲೆ ಒರೆಸಿಕೊಳ್ಳುತ್ತ, “ಆ ಎಡ ಬಲದ್ದು ಅಕ್ಕಂಗೂ ಹೇಳಿಕೊಟ್ಯಾ?” ಎಂದು ಕೇಳಿದರು. ಹೂಂ ಎಂದೆ. ಇವರಿಗೇಕೆ ಬೇಕು ಇಲ್ಲದ ಉಸಾಬರಿ.

ಏಪ್ರಿಲ್ ೨೦, ಭಾನುವಾರ

ಮುಗಿಯಿತು. ಹೊರಮುಖದ್ದು ಒಂದೇ ಲೆಕ್ಕ. ಆದರೆ ಅದರ ಮೇಲೆ ಐದು ಪ್ರಶ್ನೆ, ಐದು ಅಂಕ.

ಅಕ್ಕ ನನಗಿಂತ ಎರಡು ಸಾಲು ಮುಂದೆ, ಕಿಟಕಿಯ ಪಕ್ಕ ಕೂತಿದ್ದಳು. ನಾನು ಆ ಪುಟಕ್ಕೆ ಬಂದಾಗ ಅವಳ ಬೆನ್ನು ನೋಡಿದೆ. ತುಂಬಾ ಹೊತ್ತು ತಲೆ ಎತ್ತಲಿಲ್ಲ. ರಬ್ಬರಿನ ಪುಡಿಯನ್ನು ಊದುತ್ತಿದ್ದಳು.

ಹೊರಗೆ ಬಂದು, “ಹೇಗಾಯ್ತೇ?” ಎಂದಳು. ಪರವಾಗಿಲ್ಲ ಎಂದೆ. ಬಸ್ಸಿಗೆ ಕಾಯುವಾಗ ತನ್ನ ನೀರಿನ ಬಾಟಲಿಯಲ್ಲಿ ಉಳಿದದ್ದನ್ನು ನನಗೇ ಕುಡಿಸಿದಳು.

ಮೇ ೯, ಶುಕ್ರವಾರ

ನನಗೆ ನಲವತ್ತೇಳು. ಅವಳಿಗೆ ನಲವತ್ತನಾಲ್ಕು. ಮೂರನೆಯವಳಿಗೆ ಮೂವತ್ತೊಂದು.

ಮೂರು ಅಂಕ.

ಅಕ್ಕ ಪಟ್ಟಿ ಓದಿ ನನ್ನ ಎರಡೂ ಕೆನ್ನೆ ಹಿಡಿದುಕೊಂಡಳು. ಅಂಗೈ ಬಿಸಿಯಾಗಿತ್ತು, ಯಂತ್ರದ ಬಳಿಯಿಂದ ಬಂದಿದ್ದಳು. “ಹೇಳಿರ್ಲಿಲ್ವಾ, ಮನೇಲೇ ಉಳೀತದೆ ಅಂತ” ಎಂದಳು. ಆಮೇಲೆ, “ಆ ದುಂಡುಮೇಜಿನದೇ ನನಗೆ ಕೈ ಕೊಡ್ತು. ನೀನು ಹೇಳಿಕೊಟ್ರೂ ದಡ್ಡಿ ನಾನು, ಎಲ್ಲೋ ಎಡವಿದೀನಿ” ಎಂದಳು.

ಎಲ್ಲರ ಎದುರಿಗೆ ಹೇಳಿದಳು. ನಾನು ಅವಳ ಕೈ ಹಿಡಿದುಕೊಂಡು ನಿಂತಿದ್ದೆ.

ಅವಳಿಗೆ ಐದಕ್ಕೆ ಐದೂ ತಪ್ಪಾಗಿರಬೇಕು, ಅವು ಸರಿಯಾಗಿದ್ದಿದ್ದರೆ ನಲವತ್ತೊಂಬತ್ತು. ಇಷ್ಟು ಕೂಡಿಸಲು ಯಾವ ತಾರ್ಕಿಕ ಸಾಮರ್ಥ್ಯವೂ ಬೇಕಿಲ್ಲ.

ಮೇ ೧೪, ಬುಧವಾರ

ಇವರು ಅಂಗಡಿಯಲ್ಲಿ ಗಿರಾಕಿಗಳಿಗೆಲ್ಲ ಹೇಳಿಕೊಂಡಿದ್ದಾರೆ. “ನಮ್ಮ ಮನೆಯವಳಿಗೆ ಎಡ ಬಲ ಕಲಿಸಿದ್ದು ನಾನೇ” ಎಂದು.

ನಾನು ನಗಲಿಲ್ಲ ಎಂದು ಸಿಟ್ಟು ಮಾಡಿಕೊಂಡರು.

ಮೇ ೨೩, ಶುಕ್ರವಾರ

ಆಡಳಿತ ಕಚೇರಿಯಿಂದ ಕರೆ ಬಂದಿತ್ತು. ಗುಮಾಸ್ತರು ಒಂದು ಹಾಳೆ ಮುಂದಿಟ್ಟರು. “ಒಪ್ಪಿಗೆ ಇದ್ರೆ ಇಲ್ಲಿ ಸೈನ್ ಮಾಡಿ. ಬೇಡ ಅಂದ್ರೆ ಕೆಳಗೆ ಮಾಡಿ. ಎರಡನೆಯವರಿಗೆ ಹೋಗುತ್ತೆ.”

“ಯೋಚಿಸಿ ಹೇಳ್ಬಹುದಾ?”

“ಇವತ್ತು ಕೊನೇ ದಿನ ಅಮ್ಮ. ಹದಿನೈದು ದಿನದಿಂದ ಯೋಚಿಸ್ತಾನೇ ಇದ್ದೀರಲ್ಲ.”

ಹೌದು, ಹದಿನೈದು ದಿನದಿಂದ. ಪ್ರತಿದಿನ ಬೆಳಿಗ್ಗೆ ಬೇಡ ಎಂದು ಬರೆದುಕೊಡುವುದೆಂದೇ ಮನೆಯಿಂದ ಹೊರಡುತ್ತಿದ್ದೆ. ಮಧ್ಯಾಹ್ನ ಮಂಡಿ ಸೆಳೆಯಲು ಶುರುವಾದರೆ ನಾಳೆ ನೋಡೋಣ ಎಂದಾಗುತ್ತಿತ್ತು. ಬೇಡ ಎಂದರೆ ಯಾಕೆ ಎಂದು ಕೇಳುತ್ತಾರೆ. ಇವರು ಕೇಳುತ್ತಾರೆ. ಎಲ್ಲರಿಗಿಂತ ಮೊದಲು ಅವಳೇ ಕೇಳುತ್ತಾಳೆ.

ಮೇಲೆ ಸೈನ್ ಮಾಡಿದೆ.

ಗುಮಾಸ್ತರು ಹಾಳೆ ಎಳೆದುಕೊಂಡು ಮುದ್ರೆ ಒತ್ತಿದರು. ಮೆಟ್ಟಿಲಿಳಿದು ಬರುವಾಗ ಎದುರಿಗೆ ಸಿಕ್ಕಿದ ಆಯಾ ಅಭಿನಂದನೆ ಹೇಳಿದಳು. ಥ್ಯಾಂಕ್ಸ್ ಎಂದೆ.

ಜೂನ್ ೨, ಸೋಮವಾರ

ಕುರ್ಚಿಯ ಮೇಲೆ ಒಂದು ದಿಂಬು ಇತ್ತು. ಹಳೆಯ ಹಾಸಿನ ಬಟ್ಟೆಯಲ್ಲಿ ಹೊಲಿದದ್ದು, ಅಂಚಿಗೆ ಹಸಿರು ದಾರ. ಅಕ್ಕ ಯಾರಿಗೂ ಹೇಳದೆ ಹೊಲಿದು ಇಟ್ಟಿದ್ದಳು. ಊದಿದ ಮಣಿಕಟ್ಟಿನಲ್ಲಿ ಸೂಜಿ ಹಿಡಿದು.

ಅದರ ಮೇಲೆ ಕೂತು ಮೊದಲು ಮಾಡಿದ ಕೆಲಸ ಡ್ಯೂಟಿ ಪಟ್ಟಿ. ಹದಿನಾಲ್ಕು ಜನ, ಐದು ಜಾಗ, ಎರಡು ಪಾಳಿ. ಒಗೆಯುವವನಿಗೆ ಬುಧವಾರ ಬೇಡ. ಅತ್ತಿಗೆ ನಾದಿನಿಯರಾದ ಇಬ್ಬರನ್ನು ಒಂದೇ ಪಾಳಿಗೆ ಹಾಕಿದರೆ ಒಬ್ಬರ ಮೇಲೊಬ್ಬರು ದೂರು ತರುತ್ತಾರೆ. ಬಸುರಿಗೆ ಹಬೆ ಕೂಡದು. ಮೂರು ಸಲ ಅಳಿಸಿದ ಮೇಲೆ ಎಲ್ಲರೂ ಅವರವರ ಜಾಗದಲ್ಲಿ ಕೂತರು.

ಅಕ್ಕನನ್ನು ಇಸ್ತ್ರಿಯಿಂದ ತೆಗೆದು ಮಡಚುವ ಮೇಜಿಗೆ ಹಾಕಿದೆ, ಹಗಲು ಪಾಳಿ. ಆ ಮೇಜು ನನ್ನ ಕುರ್ಚಿಯ ಪಕ್ಕದಲ್ಲೇ ಇದೆ.

“ಇಪ್ಪತ್ತೆರಡು ವರ್ಷದಲ್ಲಿ ಯಾರಿಗೂ ಹೊಳೀಲಿಲ್ಲ ನೋಡು ಇದು” ಎಂದು ಕಣ್ಣೊರೆಸಿಕೊಂಡಳು.

ಜುಲೈ ೧೦, ಗುರುವಾರ

ಹೊಸದಾಗಿ ಸೇರಿದವಳು ಬೇರೆ ಯಾವುದೋ ಪರೀಕ್ಷೆಗೆ ಓದುತ್ತಿದ್ದಾಳೆ. ಊಟದ ಹೊತ್ತಿನಲ್ಲಿ ಒಂದು ಲೆಕ್ಕ ತಂದಳು, ಆರು ಜನ ಮೂರು ಮಹಡಿಗಳಲ್ಲಿ. ನನ್ನ ಊಟ ಆರಿತು, ಆದರೂ ಪೂರ್ತಿ ಹೇಳಿಕೊಟ್ಟೆ. ಅವಳು ಗೊತ್ತಾಯ್ತು ಎಂದಳು. ಗೊತ್ತಾಗಿದೆಯೇ ಎಂದು ಮತ್ತೊಂದು ಮಾಡಿಸಿದೆ. ಆಮೇಲೆ ಇನ್ನೊಂದು. “ಸಾಕು ಮೇಡಂ” ಎಂದು ಅವಳೇ ಪುಸ್ತಕ ಮುಚ್ಚಿದಳು. ಇತ್ತೀಚೆಗೆ ಎಲ್ಲರಿಗೂ ಎಲ್ಲವನ್ನೂ ಎರಡೆರಡು ಸಲ ಹೇಳುತ್ತೇನಂತೆ. ಇವರೂ ಹಾಗೇ ಅನ್ನುತ್ತಾರೆ. ವಯಸ್ಸಾಗುತ್ತಿರಬೇಕು.

ಆಗಸ್ಟ್ ೬, ಬುಧವಾರ

ಹೇಳಿಬಿಟ್ಟೆ.

ಇವತ್ತು ಅಕ್ಕನಿಗೆ ಐವತ್ತು ತುಂಬಿತು. ಎಲ್ಲರೂ ಸೇರಿ ಟೀ ತರಿಸಿದ್ದೆವು. ಅವರೆಲ್ಲ ಲೋಟ ಇಟ್ಟು ಅವರವರ ಕೆಲಸಕ್ಕೆ ಹೋದರು. ಅವಳು ಟವೆಲ್ ಮಡಚುತ್ತ, “ಇನ್ನು ಯಾವ ಪರೀಕ್ಷೆಯ ಕಾಟವೂ ಇಲ್ಲಪ್ಪ. ಸದ್ಯ, ನಿನಗಾದ್ರೂ ಆಯ್ತು. ನನ್ನ ತಲೆಗೆ ಅಷ್ಟೇ ಇದ್ದದ್ದು” ಎಂದಳು. ನಗುತ್ತಲೇ ಹೇಳಿದಳು. ಮೇ ತಿಂಗಳಿಂದ ಅವಳು ಈ ಮಾತು ಹೇಳಿದ್ದು ಎಷ್ಟನೆಯ ಸಲವೋ. ಹದಿನೇಳು ಅಂಕ ಬಂದ ದಿನ ಯಾರು ಕುಲುಕಲು ಬಂದರೂ ಕೈ ಚಾಚಿದ್ದವಳು ಇವಳೇ.

“ನಿನ್ನ ತಲೆ ಸರಿಯಾಗೇ ಇದೆ ಅಕ್ಕ” ಎಂದೆ. “ನಾನು ತಪ್ಪು ಹೇಳಿದ್ದೆ. ಹೊರಮುಖವಾಗಿ ಕೂತ್ರೆ ಎಡ ತಿರುಗುತ್ತೆ. ನಂಗೆ ಗೊತ್ತಿತ್ತು. ಎರಡು ದಿನ ಮುಂಚೇನೇ ಗೊತ್ತಿತ್ತು. ಬೇಕಂತಲೇ ಹೇಳಿದೆ.”

ಅವಳ ಕೈ ನಿಂತಿತು. ನಾನು ಎಷ್ಟೋ ಮಾತು ಜೋಡಿಸಿಟ್ಟುಕೊಂಡಿದ್ದೆ, ಮಂಡಿಯ ವಿಷಯ, ಡಾಕ್ಟರು ಹೇಳಿದ್ದು, ಪುಸ್ತಕ ಚೀಲದಲ್ಲಿದ್ದದ್ದು. ಒಂದೂ ಬಾಯಿಗೆ ಬರಲಿಲ್ಲ.

ಅಕ್ಕ ಟವೆಲನ್ನು ಮೇಜಿನ ಮೇಲಿಟ್ಟು ತನ್ನ ಎಡಗೈಯನ್ನು ನೋಡಿಕೊಂಡಳು.

“ಪರೀಕ್ಷೆ ಹಾಲ್‌ನಲ್ಲಿ ಈ ಕೈಯನ್ನ ಹೀಗೆ ತಿರುಗಿಸಿ ನೋಡಿದೆ ಕಣೇ” ಎಂದಳು. “ಎಡ ತಿರುಗಿ ಆ ಕಡೆ ಹೋಗ್ತಿತ್ತು. ಹಾಗೇ ಐದಕ್ಕೂ ಬರೆದೆ. ಬರೆದ ಮೇಲೆ ನೆನಪಾಯ್ತು, ನೀನು ಬೇರೆ ಥರ ಹೇಳಿದ್ದೆ ಅಂತ. ಪುಸ್ತಕ ನೋಡಿದವಳು ನೀನು. ನಿಂಗೆ ತಪ್ಪಲ್ಲ, ನನ್ನ ಕೈಗೇ ಗಡಿಬಿಡಿ ಅಂದ್ಕೊಂಡೆ. ಐದನ್ನೂ ಅಳಿಸಿ ನೀನು ಹೇಳಿದ ಹಾಗೆ ಬರೆದೆ.”

ಅವಳು ಬೈದಿದ್ದರೆ. ಆ ಟವೆಲನ್ನು ನನ್ನ ಮುಖಕ್ಕೆ ಎಸೆದಿದ್ದರೆ.

“ಬಾಯಿಬಿಟ್ಟು ಕೇಳಿದ್ರೆ ನಾನೇ ಬಿಟ್ಟುಕೊಡ್ತಿದ್ದೆನೇನೋ” ಎಂದಳು. ಮೇಜಿನ ಮೇಲಿಟ್ಟ ಟವೆಲನ್ನು ಮತ್ತೆ ಎತ್ತಿಕೊಂಡು, “ಗೊತ್ತಿಲ್ಲ. ಬಿಡ್ತಿರಲಿಲ್ಲವೇನೋ” ಎಂದಳು. ಉಳಿದ ಟವೆಲುಗಳನ್ನು ಮಡಚಿದಳು. ಒಂದೊಂದರ ಅಂಚೂ ಸರಿಯಾಗಿ ಕೂಡಿಸಿ, ಎಣಿಸಿ, ಕಟ್ಟಿ, ಗಂಟೆ ಹೊಡೆದ ಮೇಲೆ ಚೀಲ ಹಿಡಿದು ಹೋದಳು.

ನಾನು ಬಸ್ಸಿಗೆ ಹೋಗಲಿಲ್ಲ. ನಡೆದೇ ಮನೆಗೆ ಬಂದೆ. ಇವರಿಗೂ ಹೇಳಿದೆ. “ನಾನು ಕೇಳಿದ ದಿನ ಹೂಂ ಅಂದಿದ್ಯಲ್ಲ” ಎಂದರು.

ಆಗಸ್ಟ್ ೭, ಗುರುವಾರ

ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಆಡಳಿತ ಕಚೇರಿಯ ಮುಂದೆ ನಿಂತಿದ್ದೆ. ನಾನು ಈ ಜಾಗ ಬಿಟ್ಟರೆ ಎರಡನೆಯವರಿಗೆ ಕೊಡುತ್ತೀರಾ ಎಂದು ಕೇಳಿದೆ. ಗುಮಾಸ್ತರು ಕನ್ನಡಕ ತೆಗೆದು ನೋಡಿದರು. “ಆ ಪಟ್ಟಿ ಮೇ ತಿಂಗಳಲ್ಲೇ ಮುಗೀತಮ್ಮ. ಈಗ ಬಿಟ್ರೆ ಹೊಸ ಪರೀಕ್ಷೆ ಇಡ್ಬೇಕು. ಅವರ ವಯಸ್ಸೆಷ್ಟು?”

ನಿನ್ನೆಗೆ ಐವತ್ತು ಎಂದೆ.

“ನಿನ್ನೆಗಾ?” ಎಂದು ಕನ್ನಡಕ ಹಾಕಿಕೊಂಡರು.

ನಾನು ಬರುವಷ್ಟರಲ್ಲಿ ಅಕ್ಕ ನನ್ನ ಮೇಜಿನ ಮುಂದೆ ನಿಂತಿದ್ದಳು. ಕೂರು ಅಕ್ಕ ಎಂದೆ. ಕೂರಲಿಲ್ಲ. ಕಣ್ಣು ಕೆಂಪಾಗಿರಲಿಲ್ಲ, ಮುಖ ಬಿಗಿದುಕೊಂಡೂ ಇರಲಿಲ್ಲ. ಸ್ಟೋರಿಗೆ ಸೋಪಿನ ಪುಡಿ ಕೇಳಲು ಹೋದಾಗ ಇರುತ್ತಾಳಲ್ಲ, ಹಾಗಿದ್ದಳು.

“ಮೇಡಂ, ನನ್ನನ್ನ ಮತ್ತೆ ಇಸ್ತ್ರಿಗೆ ಹಾಕಿಬಿಡಿ.”

“ಬೇಡ ಅಕ್ಕ. ಕೈ ನೋಡು ಹೇಗಿದೆ. ಹಬೆ ಹತ್ರ ಮತ್ತೆ...”

“ಕೈ ನಂದಲ್ವಾ ಮೇಡಂ. ನಾನು ನೋಡ್ಕೋತೀನಿ. ನೀವು ಪಟ್ಟಿಯಲ್ಲಿ ಬರ್ಕೊಂಡ್ರೆ ಸಾಕು.”

ಹನ್ನೊಂದು ವರ್ಷದಲ್ಲಿ ನನ್ನನ್ನು ಏನೇನೆಲ್ಲ ಕರೆದಿದ್ದಾಳೆ, ಸೋಮಾರಿ, ಕತ್ತೆ, ಮೂದೇವಿ. ‘ನೀವು’ ಎಂದದ್ದು ಇದೇ ಮೊದಲು.

“ಸೋಮವಾರದಿಂದ ಹಾಕ್ತೀನಿ” ಎಂದೆ.

“ಥ್ಯಾಂಕ್ಸ್ ಮೇಡಂ” ಎಂದು ತನ್ನ ಊಟದ ಡಬ್ಬಿ ಎತ್ತಿಕೊಂಡು ಕೋಣೆಯ ಆ ತುದಿಗೆ, ಯಂತ್ರಗಳ ಕಡೆಗೆ ಹೋದಳು. ಸೋಮವಾರದವರೆಗೂ ಕಾಯಲಿಲ್ಲ.

ಪಟ್ಟಿ ತೆಗೆದು ಮಡಚುವ ಮೇಜಿನ ಸಾಲಿನಲ್ಲಿ ಒಂದು ಹೆಸರು ಅಳಿಸಿದೆ, ಇಸ್ತ್ರಿಯ ಸಾಲಿನಲ್ಲಿ ಬರೆದೆ. ಅವಳ ಪೂರ್ತಿ ಹೆಸರನ್ನೇ ಬರೆದೆ. ಡ್ಯೂಟಿ ಪಟ್ಟಿಯಲ್ಲಿ ಅಕ್ಕ ಎಂದು ಬರೆಯುವ ಹಾಗಿಲ್ಲ.